ಹಳೆ ಗಾಡಿ: ಚಿತ್ರ ನಿಮ್ಮದು, ಗುರುತು ನಮ್ಮದು

ಪ್ರಶ್ನೆ: ನಮ್ಮ ಕಾಕಾನ ಮನಿ ಅಂಗಳದಾಗ ಭಾಳ ವರ್ಷದಿಂದ ಒಂದು ಅಂಬಾಸಿಡರ್ ನಿಂತದ. ಮುಂದಿನ ಜಾಲರಿ ಅಷ್ಟೇ ಫೋಟೊ ತಗದು ಕಳಿಸೀನ್ರಿ. ಚೌಕಳಿ ಜಾಲರಿ ಅದ, ಹಂಗಾಗಿ ಮಾರ್ಕ್ 2 ಅಂತಾನ ಮಿಸ್ತ್ರಿ. ಖರೇ ಏನ್ರಿ? ವಿಂಟೇಜ್ ನಂಬರ್ ಸಿಗ್ತದೇನು?
– ಸೇಡಂ ರಸ್ತೆ, ಕಲಬುರಗಿ

ಉತ್ತರ: ಚೌಕಳಿ ಇದೆ ಎಂದಷ್ಟಕ್ಕೇ ಮಾರ್ಕ್ 2, ಅಂದರೆ ಅಂಬಾಸಿಡರ್‌ನ ಎರಡನೇ ಆವೃತ್ತಿ, ಆಗುವುದಿಲ್ಲ, ಮಾರ್ಕ್ 4ಕ್ಕೂ ಚೌಕಳಿಯೇ. ಅರವತ್ತರ ದಶಕದ ಮಾರ್ಕ್ 2ರಲ್ಲಿ ಚೌಕಗಳು ಸಣ್ಣವು, ಒತ್ತೊತ್ತಾಗಿರುತ್ತವೆ. ಇಂಡಿಕೇಟರ್ ಜಾಲರಿಯೊಳಗೇ ಕೂತಿರುತ್ತದೆ. 1975ರ ಮಾರ್ಕ್ 3ಕ್ಕೆ ಅಡ್ಡಪಟ್ಟಿ ಬಂತು, ಇಂಡಿಕೇಟರ್ ಹೊರಬಿತ್ತು. 1979ರ ಮಾರ್ಕ್ 4ರಲ್ಲಿ ಜಾಲರಿ ಚಿಕ್ಕದಾಯಿತು, ಚೌಕ ದೊಡ್ಡದಾಯಿತು. ನಿಮ್ಮ ಚಿತ್ರದಲ್ಲಿ ಚೌಕ ಸಣ್ಣದು, ದೀಪವೂ ಒಳಗಿದೆ. ಜಾಲರಿ ಮಾರ್ಕ್ 2ರದೇ. ಗಾಡಿ ಯಾವುದು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಏಕೆಂದರೆ ಈ ಗಾಡಿಯ ಮುಖ ಬದಲಿಸುವುದು ಗ್ಯಾರೇಜಿನಲ್ಲಿ ದೊಡ್ಡ ಕೆಲಸವೇನಲ್ಲ. ಹಿಂದೆ ಹಳೆಯದಕ್ಕೆ ಹೊಸ ಮುಖ ಹಾಕಿಸುತ್ತಿದ್ದರು; ಹಳತಿಗೆ ಬೆಲೆ ಬಂದ ಮೇಲೆ ತಿರುವುಮುರುವು ನಡೆದಿದೆ. ಬಾನೆಟ್ ಎತ್ತಿ ನೋಡಿ. ಸ್ಪಾರ್ಕ್ ಪ್ಲಗ್‌ಗಳು ಹೆಡ್‌ನ ನೆತ್ತಿಯ ಮೇಲೆ ನೆಟ್ಟಗೆ ನಿಂತಿದ್ದರೆ ಅದು 1,476 ಸಿಸಿಯ ಸೈಡ್ ವಾಲ್ವ್ ಎಂಜಿನ್, ಅಂದರೆ ತೀರ ಮೊದಮೊದಲ ಗಾಡಿಗಳದ್ದು. ಮೇಲೆ ಉದ್ದನೆಯ ತಗಡಿನ ರಾಕರ್ ಕವರ್ ಇದ್ದು ಪ್ಲಗ್‌ಗಳು ಪಕ್ಕದಲ್ಲಿದ್ದರೆ ಆಮೇಲಿನ 1,489 ಸಿಸಿ ಎಂಜಿನ್. ಡೀಸೆಲ್ ಎಂಜಿನ್ ಇದ್ದರೆ ಎಚ್ಚರ: ಕಂಪನಿಯೇ ಡೀಸೆಲ್ ಕೊಟ್ಟದ್ದು 1980ರ ಸುಮಾರಿಗೆ. ಮಾರ್ಕ್ 2ರಲ್ಲಿ ಅದು ಕಂಡರೆ ಯಾರೋ ಎಂಜಿನ್ ಬದಲಿಸಿದ್ದಾರೆ. ಗೇರ್ ದಂಡ ಸ್ಟೇರಿಂಗ್ ಪಕ್ಕದಲ್ಲಿರದೆ ನೆಲದಲ್ಲಿದ್ದರೂ ಅದೇ ಅನುಮಾನ ಪಡಬೇಕು.

ಕೊನೆಯ ಮಾತು ಚಾಸಿ ನಂಬರಿನದು. ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಶ್‌ನಿಂದ ಜಿಡ್ಡು ತೆಗೆದು, ಒರೆಸಿ, ತೆಳು ಕಾಗದವಿಟ್ಟು ಪೆನ್ಸಿಲ್ ಪ್ರಿಂಟ್ ತೆಗೆಯಿರಿ. ಉಪ್ಪುಕಾಗದ, ಗ್ರೈಂಡರ್ ಹತ್ತಿರವೂ ಬೇಡ. ಉಜ್ಜಿದ ನಂಬರ್ ತಿದ್ದಿದ ನಂಬರಿನಂತೆಯೇ ಕಾಣುತ್ತದೆ, ಆರ್‌ಟಿಒ ಕಚೇರಿಯಲ್ಲಿ ಅಲ್ಲಿಗೇ ಕೆಲಸ ನಿಲ್ಲುತ್ತದೆ. ಆರ್‌ಸಿ ಪುಸ್ತಕದ ನಂಬರಿಗೆ ಅದು ತಾಳೆಯಾಗಬೇಕು.

2021ರ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಬಾಡಿಗೆಗೆ ಓಡಿಸದ ಸ್ವಂತ ಗಾಡಿಗೆ ವಿಂಟೇಜ್ ಮಾನ್ಯತೆ ಸಿಗುತ್ತದೆ. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ. ಆಮೇಲೆ ದಿನಾ ಬಜಾರಕ್ಕೆ ಒಯ್ಯುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಇಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬೇಕು. ಡೀಸೆಲ್ ಹಾಕಿಸಿದ ಗಾಡಿಯಾದರೆ ಅರ್ಜಿಗೆ ಮುಂಚೆ ಎಂಜಿನ್ನಿನ ವಿಚಾರ ಬಗೆಹರಿಸಿಕೊಳ್ಳಿ.

ಪ್ರಶ್ನೆ: ಜೀಪಿನ ಮೂತಿಯ ಚಿತ್ರ ಕಳಿಸಿದ್ದೇನೆ. ಯುದ್ಧಕಾಲದ್ದು ಎಂದು ಹೇಳಿ ಮಾರುವವರು ದುಪ್ಪಟ್ಟು ರೇಟು ಹೇಳುತ್ತಿದ್ದಾರೆ. ನಂಬಬಹುದೇ?
– ಭಾಲ್ಕಿ, ಬೀದರ್ ಜಿಲ್ಲೆ

ಉತ್ತರ: ಸೀಳು ಎಣಿಸಿ. ಒತ್ತು ತಗಡಿನ ಜಾಲರಿಯಲ್ಲಿ 9 ಸೀಳಿದ್ದರೆ ಎರಡನೇ ಮಹಾಯುದ್ಧ ಕಾಲದ ವಿಲ್ಲಿಸ್ ಎಂಬಿ ಅಥವಾ ಫೋರ್ಡ್ ಜಿಪಿಡಬ್ಲ್ಯು. 7 ಇದ್ದರೆ ಆಮೇಲಿನ ಸಿಜೆ, ಅಂದರೆ ನಾಗರಿಕ ಬಳಕೆಯ ಜೀಪುಗಳ ಪೈಕಿ. ನಿಮ್ಮ ಚಿತ್ರದಲ್ಲಿ 9 ಇವೆ. ಆದರೆ ಜಾಲರಿಯನ್ನು ಹೊಸದಾಗಿಯೂ ಮಾಡಿ ಕೂರಿಸುತ್ತಾರೆ, ಅದಕ್ಕೇ ಇನ್ನೂ ನಾಲ್ಕು ಚಿತ್ರ ಬೇಕು.

ಒಂದು, ರೇಡಿಯೇಟರ್ ಕೆಳಗೆ ಚಾಸಿಯ ಎರಡು ತೊಲೆಗಳನ್ನು ಕೂಡಿಸುವ ಅಡ್ಡತೊಲೆ: ದುಂಡು ಕೊಳವೆಯಾದರೆ ವಿಲ್ಲಿಸ್, ಚೌಕವಾದರೆ ಫೋರ್ಡ್. ಎರಡು, ಹೆಡ್‌ಲೈಟ್‌ನ ಹಿಂಬದಿ: ಯುದ್ಧದ ಜೀಪಿನಲ್ಲಿ ದೀಪ ಕೀಲಿನ ಮೇಲೆ ಹಿಂದಕ್ಕೆ ಮಗುಚಿ ಎಂಜಿನ್ ಮೇಲೆ ಬೆಳಕು ಬೀಳುವಂತಿರುತ್ತದೆ. ಮೂರು, ಪೆಟ್ರೋಲ್ ಬಾಯಿ: ಎಂಬಿಯಲ್ಲಿ ಡ್ರೈವರ್ ಸೀಟಿನ ಕೆಳಗೆ, ಸಿಜೆಯಲ್ಲಿ ಬಾಡಿಯ ಹೊರಮೈಗೆ. ನಾಲ್ಕು, ಹಿಂಭಾಗ: ಬಿಚ್ಚಿ ಇಳಿಸುವ ಹಲಗೆ ಇದ್ದರೆ ಅದು ಸಿಜೆ ಬಾಡಿ. ಫೋರ್ಡ್ ಆಗಿದ್ದರೆ ಬೋಲ್ಟ್‌ಗಳ ತಲೆಯ ಮೇಲೆ ‘ಎಫ್’ ಅಕ್ಷರವೂ ಸಿಗಬೇಕು. ಅಡ್ಡತೊಲೆ ತಾಳೆಯಾಗದಿದ್ದರೆ ಉಳಿದದ್ದೆಲ್ಲ ಸರಿಯಿದ್ದರೂ ದುಪ್ಪಟ್ಟು ಕೊಡಬೇಡಿ.

ಪ್ರಶ್ನೆ: ಫಿಯಟ್‌ನ ಬಾಗಿಲ ಹಿಡಿಕೆಯ ಚಿತ್ರ ಮಾತ್ರ ಇದೆ. ಪದ್ಮಿನಿಯೋ, ಡುಕ್ಕರ್ ಫಿಯಟ್ಟೋ?
– ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಡುಕ್ಕರ್. ಮುಂದಿನ ಬಾಗಿಲಿನ ಹಿಡಿಕೆ ಮಡ್‌ಗಾರ್ಡ್ ಕಡೆಗಿದೆ, ಕೀಲು ನಡುಗಂಬದಲ್ಲಿದೆ. ಅಂದರೆ ಬಾಗಿಲು ಹಿಂದಕ್ಕೆ ತೆರೆಯುತ್ತದೆ. 1954ರಿಂದ ಬಂದ, ಜನ ಡುಕ್ಕರ್ ಎನ್ನುವ ಫಿಯಟ್ 1100–103ರ ಲಕ್ಷಣ ಇದು. ಪದ್ಮಿನಿ ಎಂಬ ಹೆಸರು ಅಂಟಿದ್ದು 1974ರಲ್ಲಿ. ಕೀಲಿನ ಪಿನ್ ಸವೆದು ಬಾಗಿಲು ಜೋತಿರುವುದು ಚಿತ್ರದಲ್ಲೇ ಕಾಣುತ್ತಿದೆ. ಗಾಳಿಗೆ ಹಿಂದಕ್ಕೆ ಹಾರಿ ತೆರೆದುಕೊಳ್ಳುವ ಬಾಗಿಲು ಇದು, ಪಿನ್ ಹಾಕಿಸದೆ ಓಡಿಸಬೇಡಿ.

ಪ್ರಶ್ನೆ: ಮಡ್‌ಗಾರ್ಡ್ ಪಕ್ಕದಲ್ಲಿ ಸಾಲಾಗಿ ನಾಲ್ಕು ದುಂಡು ತೂತು. ಯಾವ ಕಾರು?
– ಹುಮನಾಬಾದ್

ಉತ್ತರ: ಅಮೆರಿಕದ ಬ್ಯೂಕ್. ಈ ತೂತುಗಳು ಬಂದದ್ದು 1949ರಲ್ಲಿ. ಆ ವರ್ಷ ಬ್ಯೂಕ್‌ನ ರೋಡ್‌ಮಾಸ್ಟರ್ ಮಾದರಿಗೆ ನಾಲ್ಕು, ಸೂಪರ್ ಮಾದರಿಗೆ ಮೂರು. ಅಂಟಿಸುವ ನಕಲಿ ತೂತುಗಳೂ ಸಿಗುತ್ತವೆ, ಒಳಮೈಯನ್ನೂ ನೋಡಿ.

ಪ್ರಶ್ನೆ: ಗುರುತು ಹಿಡಿಯಲು ಫೋಟೊ ಹೇಗಿರಬೇಕು?
– ಹಲವರು

ಉತ್ತರ: ಮೊಬೈಲನ್ನು ಗಾಡಿಗೆ ಒತ್ತಿ ಹಿಡಿದರೆ ದುಂಡು ದೀಪ ಮೊಟ್ಟೆಯಾಗುತ್ತದೆ. ಎರಡು ಮೀಟರ್ ಹಿಂದೆ ನಿಂತು ಜೂಮ್ ಮಾಡಿ. ನಮ್ಮ ಕಡೆಯ ಮಧ್ಯಾಹ್ನದ ಬಿಸಿಲಿಗೆ ಕ್ರೋಮ್ ಎಲ್ಲ ಬಿಳಿ ಚುಕ್ಕೆಯಾಗಿ ಬರುತ್ತದೆ, ಬೆಳಗಿನ ಓರೆ ಬೆಳಕಿನಲ್ಲಿ ತಗಡಿನ ಒತ್ತು ಗೆರೆ ಚೆನ್ನಾಗಿ ಕಾಣುತ್ತದೆ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ನಾಣ್ಯ ಇಡಿ. ಲಾಂಛನದ ಚಿತ್ರ ಒಂದು ಸಾಕು. ಅದಕ್ಕಿಂತ ಕೀಲು, ಚಕ್ರದ ನಟ್ಟುಗಳ ಎಣಿಕೆ ಮತ್ತು ಡೈನಮೊ ಮೈಮೇಲಿನ ಅಚ್ಚು ನಮಗೆ ಹೆಚ್ಚು ಹೇಳುತ್ತವೆ. ಲೂಕಾಸ್ ಕಂಪನಿಯ ಡೈನಮೊ, ಸ್ಟಾರ್ಟರ್‌ಗಳ ಮೇಲೆ ತಯಾರಾದ ತಿಂಗಳು, ವರ್ಷ ಒತ್ತಿರುತ್ತಾರೆ. ‘4 62’ ಎಂದಿದ್ದರೆ ಏಪ್ರಿಲ್ 1962. ಆ ಭಾಗ ಗಾಡಿಯ ಜತೆಗೇ ಬಂದದ್ದಾದರೆ ಗಾಡಿ ಅದಕ್ಕಿಂತ ಹಳೆಯದಿರಲಾರದು.