ಲಿಮಾ ಹೋಟೆಲ್ ದರಕ್ಕೆ 18% ಸೇರಿದ್ದು ಯಾಕೆ?

ಲಿಮಾದ ಮಿರಾಫ್ಲೋರೆಸ್ ಬಡಾವಣೆಯಲ್ಲಿ ನೀವು ಬುಕ್ ಮಾಡಿದ ರೂಮಿಗೆ ಈಗ 18% ಜಾಸ್ತಿ ಕೇಳುತ್ತಿದ್ದಾರೆ ಅಂದಿರಲ್ಲ, ಅದು ಬಹುಶಃ ಪೆರುವಿನ ಐಜಿವಿ, ಅಂದರೆ ನಮ್ಮ ಜಿಎಸ್‌ಟಿ ತರಹದ ಮಾರಾಟ ತೆರಿಗೆ. ಪ್ರವಾಸಕ್ಕೆ ಬರುವ ವಿದೇಶಿಯರಿಗೆ ರೂಮ್ ಬಾಡಿಗೆಯ ಮೇಲೆ ಇದರ ವಿನಾಯಿತಿ ಇದೆ, ಸುಮ್ನೆ ಕಟ್ಟಬೇಡಿ. ಮೊದಲು ಹೋಟೆಲ್‌ಗೆ ಮೇಲ್ ಹಾಕಿ, ಪಾಸ್‌ಪೋರ್ಟ್ ತೋರಿಸಿದರೆ ಐಜಿವಿ ಬಿಡ್ತೀರಾ ಅಂತ ಕೇಳಿ, ಉತ್ತರ ಬರಹದಲ್ಲೇ ಇರಲಿ. ಚೆಕ್‌ಇನ್ ಮಾಡುವಾಗ ಪಾಸ್‌ಪೋರ್ಟ್ ಜೊತೆ ದೇಶದೊಳಗೆ ಬಂದ ದಾಖಲೆಯನ್ನೂ ತೋರಿಸಿ. ದುಡ್ಡು ಕೊಡುವ ಮುಂಚೆ ಬಿಲ್ಲಿನಲ್ಲಿ ಐಜಿವಿ ಅಂತ ಬರೆದ ಸಾಲು ಇದೆಯಾ ನೋಡಿ.

ಜುಲೈನಲ್ಲಿ ಹೋಗ್ತಿದ್ದೀರಿ ಅಲ್ವಾ? ಆಗ ಅಲ್ಲಿ ಚಳಿಗಾಲ. ಸಮುದ್ರದ ಮಂಜಿಗೆ ಹೊದಿಕೆ ಕೂಡ ತಣ್ಣಗೆ, ಹಸಿ ಹಸಿಯಾಗಿರುತ್ತೆ. ಕಡಿಮೆ ದರದ ರೂಮಿನಲ್ಲಿ ಹೀಟರ್ ಸಿಗುವುದು ಅಪರೂಪ. ಹೆಚ್ಚುವರಿ ಕಂಬಳಿ, ಬಿಸಿನೀರು, ಹೊರಗೆ ತೆರೆಯುವ ಕಿಟಕಿ ಇದೆಯಾ ಅಂತ ಅದೇ ಮೇಲ್‌ನಲ್ಲಿ ಕೇಳಿಬಿಡಿ.