ಕುಮಟಾದ ದೀರ್ಘ

ಶಿರಸಿ ತಾಲೂಕಿನ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ: 'ನಿಮ್ಮ ಪದಬಂಧ ಸರಣಿ ಬರಬರುತ್ತ ಕಬ್ಬಿಣದ ಕಡಲೆಯಾಗಿದೆ. ಮೂರು ವಾರದಿಂದ ಒಂದೂ ಪೂರ್ತಿಯಾಗಿಲ್ಲ. ಕುಮಟ ಎಂದು ತುಂಬಿದ್ದಕ್ಕೆ ಒಂದು ಮೂಲೆಯೇ ಕೆಟ್ಟಿತು. "ಕೊನೆಗೆ ಉಪ್ಪಾಗುವ ದೇವಿ, ಎರಡಕ್ಷರ" ಎಂಬುದಂತೂ ರಾತ್ರಿ ಎಚ್ಚರಾದಾಗಲೂ ಕಾಡುತ್ತದೆ. ಉತ್ತರವನ್ನು ಅದೇ ಪುಟದ ಕೆಳಗೆ ತಲೆಕೆಳಗಾಗಿ ಅಚ್ಚು ಹಾಕಿದರೆ ನಿಮ್ಮ ಗಂಟೇನು ಹೋಗುತ್ತದೆ?'

ಮಾಸ್ತರರೇ, ಕುಮಟದ ವಿಷಯದಲ್ಲಿ ತಪ್ಪು ನಮ್ಮದು. ಊರಿನ ಹೆಸರನ್ನು ಎರಡೂ ರೀತಿ ಬರೆಯುತ್ತಾರೆ. ಕೊನೆಗೆ ದೀರ್ಘವಿದೆ ಎಂದು ನಾವು ತಿಳಿಸಬೇಕಿತ್ತು. ಆದರೆ ಅದೇ ಚೌಕದಿಂದ ಕೆಳಕ್ಕೆ 'ಮಳೆಗಾಲಕ್ಕೆ ಕಿತ್ತು ಬೇಸಿಗೆಗೆ ಬೀಳುವುದು' ಎಂದು ಕೇಳಿದ್ದೆವಲ್ಲ? 'ಟ'ದಿಂದ ಏನೂ ಹುಟ್ಟದಿದ್ದಾಗ ಒಂದು ದೀರ್ಘ ಎಳೆದು ನೋಡಿದ್ದರೆ 'ಟಾರು' ಎದ್ದು ಬರುತ್ತಿತ್ತು, ಕುಮಟಾವೂ ನೆಟ್ಟಗಾಗುತ್ತಿತ್ತು.

ಕನ್ನಡ ಪದಬಂಧದ ಸೊಗಸೇ ಇದು. ಇಂಗ್ಲಿಷಿನ ಚೌಕಕ್ಕೆ 26 ಅಕ್ಷರಗಳಲ್ಲೊಂದು ಕೂತರೆ ಸಾಕು. ನಮ್ಮಲ್ಲಿ ಕಾಗುಣಿತ, ಒತ್ತು, ಸೊನ್ನೆ ಎಲ್ಲ ಹೊತ್ತುಕೊಂಡೇ ಅಕ್ಷರ ಬರಬೇಕು. ಶಿರಸಿಯ 'ಸಿ'ಗೆ ತುಳಸಿ ಒಗ್ಗುತ್ತದೆ, ಸರಸ ಒಗ್ಗುವುದಿಲ್ಲ. ನಮಗೆ ಬಂಧ ಹೆಣೆದುಕೊಡುವ ಗೆಳೆಯರು 'ತ್ರ' ಕೂತ ಒಂದೇ ಚೌಕಕ್ಕಾಗಿ ಮೂರು ರಾತ್ರಿ ನಿದ್ದೆಗೆಟ್ಟದ್ದನ್ನು ಕಂಡಿದ್ದೇನೆ. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ತನ್ನ ಮೊದಲ ಪದಬಂಧ ಪ್ರಕಟಿಸಿದಾಗ ತುಂಬಿಸಿ ಕೊಟ್ಟದ್ದು ಒಂದೇ ಪದ, ಮೋಜು ಎಂಬ ಅರ್ಥದ್ದು. ಉಳಿದದ್ದೆಲ್ಲ ಓದುಗರ ಪಾಲು.

ಅಡಿಕೆ ಸುಲಿಯುವ ರಾತ್ರಿಗಳಲ್ಲಿ ನಮ್ಮಜ್ಜಿ ಒಗಟು ಹಾಕುತ್ತಿದ್ದಳು. 'ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ' ಎಂದು ಮತ್ತೆ ಮೆಟ್ಟುಗತ್ತಿಗೆ ಬಗ್ಗಿದಳೆಂದರೆ ಮುಗಿಯಿತು, ಎಷ್ಟು ಗೋಗರೆದರೂ ಬಾಯಿ ಬಿಡುತ್ತಿರಲಿಲ್ಲ. ಕೊಕ್ಕರೆ ಎಂದೆ, ಮಂಜು ಎಂದೆ. ಸಿಟ್ಟಿನಿಂದ ಊಟ ಬಿಟ್ಟೆ. ಮೂರನೆಯ ಬೆಳಿಗ್ಗೆ ಬಚ್ಚಲ ಹಿಂದೆ ಮಲ್ಲಿಗೆ ಅರಳಿದ್ದು ಕಂಡು ಕೂಗುತ್ತ ಒಳಗೆ ಓಡಿದ್ದು ಐವತ್ತು ವರ್ಷದ ಮೇಲೂ ನೆನಪಿದೆ. ಆ ಗಿಡ ಅಲ್ಲಿ ಮೊದಲಿಂದಲೂ ಇತ್ತು. ಅಜ್ಜಿ ಅಂದೇ ಹೇಳಿಬಿಟ್ಟಿದ್ದರೆ ನಾನದನ್ನು ನೋಡುತ್ತಿದ್ದೆನೇ?

ಈಗ ಪ್ರಶ್ನೆ ಪೂರ್ತಿ ಓದುವ ಮೊದಲೇ ಕೈ ಮೊಬೈಲಿಗೆ ಹೋಗುತ್ತದೆ. ಪಠ್ಯಪುಸ್ತಕಕ್ಕಿಂತ ಮುಂಚೆ ಮಕ್ಕಳಿಗೆ ಗೈಡ್ ಕೊಡಿಸುತ್ತೇವೆ. ಹುಡುಗ ಪುಸ್ತಕದ ಕೊನೆಯಲ್ಲಿ ಉತ್ತರ ನೋಡಿಕೊಂಡು, ಅಲ್ಲಿಗೆ ಮುಟ್ಟುವಂತೆ ಲೆಕ್ಕ ಹೊಂದಿಸುತ್ತಾನೆ. ಇದು ನನ್ನನ್ನು ನಿಜಕ್ಕೂ ಸಂಕಟಕ್ಕೆ ಹಚ್ಚುತ್ತದೆ. ಅಂಥ ಲೆಕ್ಕಗಳಿಗೆ ಕೆಂಪು ಗೆರೆ ಎಳೆದವರು ನೀವು. ಕರಿಹಲಗೆಯ ಮೇಲೆ ಲೆಕ್ಕ ಬರೆದು ಅದರಡಿಯಲ್ಲೇ ಉತ್ತರ ಬರೆಯುತ್ತಿದ್ದಿರಾ?

ರಾತ್ರಿ ಎಚ್ಚರಾದಾಗಲೂ ಕಾಡುತ್ತದೆ ಎಂದು ದೂರಿದ್ದೀರಿ. ನಮ್ಮ ಪತ್ರಿಕೆಗೆ ಈ ವರ್ಷ ಬಂದ ಅತ್ಯಂತ ಪ್ರೀತಿಯ ಸಾಲು ಅದು. ಬಂಧ ಹೆಣೆದವರಿಗೂ ಓದಿ ಹೇಳಿದೆ. ಉತ್ತರ ಎಂದಿನಂತೆ ಮುಂದಿನ ಸಂಚಿಕೆಯಲ್ಲೇ. ಅಷ್ಟರೊಳಗೆ ಕಾರವಾರಕ್ಕೆ ಹೋಗುವುದಿದ್ದರೆ, ಸದಾಶಿವಗಡದ ಕಡೆಗಿನ ಸೇತುವೆಯ ಮೇಲೆ ಬಸ್ಸಿನ ಕಿಟಕಿಯಿಂದ ಒಮ್ಮೆ ಕೆಳಗೆ ನೋಡಿ.