ಠಾಣೆ ಘಟ್ಟದ ಕೆಳಗೆ, ಮನೆ ಘಟ್ಟದ ಮೇಲೆ

ಸರ್ಕಾರಿ ನೌಕರರ ವರ್ಗಾವಣೆಯ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಕೊಟ್ಟ ಉತ್ತರವನ್ನು ಓದಿ ಉತ್ತರ ಕನ್ನಡ ಜಿಲ್ಲೆಯ ಹಲವರು ಪತ್ರ ಬರೆದಿದ್ದಾರೆ. ಅವುಗಳಲ್ಲಿ ನಾಲ್ಕು ಪತ್ರಗಳು, ಪೊಲೀಸರು ತಮ್ಮ ಠಾಣೆಯಿಂದ ಎಷ್ಟು ದೂರದಲ್ಲಿ ಮನೆ ಮಾಡಿಕೊಂಡಿರಬಹುದು ಎಂಬ ಒಂದೇ ವಿಷಯವನ್ನು ನಾಲ್ಕು ಕಡೆಯಿಂದ ಕೇಳಿರುವುದರಿಂದ, ಈ ಸಲದ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಯಜಮಾನರು ಹೆಡ್ ಕಾನ್‌ಸ್ಟೆಬಲ್. ಶಿರಸಿಯಲ್ಲಿದ್ದವರಿಗೆ ಈಗ ಕುಮಟಾ ಕಡೆಯ ಠಾಣೆಗೆ ವರ್ಗವಾಗಿದೆ. ಶಿರಸಿಯಲ್ಲಿ ಸ್ವಂತ ಮನೆಯಿದೆ, ಅತ್ತೆಯವರಿಗೆ ವಾರಕ್ಕೆರಡು ಬಾರಿ ಡಯಾಲಿಸಿಸ್ ಆಗಬೇಕು, ಮಗಳು ಎಸ್ಸೆಸ್ಸೆಲ್ಸಿ. ದಿನವೂ ಬೈಕಿನಲ್ಲಿ ಹೋಗಿ ಬರುತ್ತೇನೆ ಎನ್ನುತ್ತಾರೆ. ಠಾಣೆಯಿಂದ ಇಷ್ಟೇ ಕಿಲೋಮೀಟರಿನೊಳಗೆ ಇರಬೇಕೆಂದು ಕಾನೂನಿದೆಯೇ?
— ಓದುಗರೊಬ್ಬರು, ಶಿರಸಿ

ಉತ್ತರ: ಕಿಲೋಮೀಟರಿನ ಲೆಕ್ಕ ನಮ್ಮ ಪೊಲೀಸ್ ಕಾಯ್ದೆಯಲ್ಲಿ ಇಲ್ಲ. ಹಾಗೆಂದು ಎಲ್ಲಿ ಬೇಕಾದರೂ ಇರಬಹುದು ಎಂದು ತಿಳಿಯಬೇಡಿ, ಏಕೆಂದರೆ ಕಾಯ್ದೆ ಹೇಳುವ ಮಾತು ಕಿಲೋಮೀಟರಿಗಿಂತ ಬಿಗಿಯಾದದ್ದು. ಪೊಲೀಸ್ ಅಧಿಕಾರಿಯನ್ನು ಸದಾ ಕರ್ತವ್ಯದಲ್ಲಿರುವವನೆಂದೇ ಪರಿಗಣಿಸಬೇಕು ಎಂದು 1861ರ ಪೊಲೀಸ್ ಕಾಯ್ದೆಯ 22ನೇ ಕಲಂ ಹೇಳಿತು. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದುದರಿಂದ ಇಲ್ಲಿನ ಹಳಬರಿಗೆ ಅದೇ ಮಾತು 1951ರ ಮುಂಬಯಿ ಪೊಲೀಸ್ ಕಾಯ್ದೆಯ ಮೂಲಕ ಪರಿಚಿತವಾಗಿತ್ತು. ಈಗ ಜಾರಿಯಲ್ಲಿರುವ 1963ರ ಕರ್ನಾಟಕ ಪೊಲೀಸ್ ಕಾಯ್ದೆಯೂ ಅದನ್ನೇ ಉಳಿಸಿಕೊಂಡಿದೆ. ಅಂದರೆ ಪಾಳಿ ಮುಗಿಸಿ ಮನೆಗೆ ಬಂದು ಊಟಕ್ಕೆ ಕುಳಿತ ಪೊಲೀಸನೂ ಕಾನೂನಿನ ದೃಷ್ಟಿಯಲ್ಲಿ ಡ್ಯೂಟಿಯಲ್ಲೇ ಇದ್ದಾನೆ, ಕರೆ ಬಂದರೆ ಕೈ ತೊಳೆದುಕೊಂಡು ಹೊರಡಬೇಕು.

ಇದರ ಜೊತೆಗೆ ಎಲ್ಲ ಸರ್ಕಾರಿ ನೌಕರರಿಗೂ ಅನ್ವಯಿಸುವ ಕೇಂದ್ರಸ್ಥಾನದ ನಿಯಮವಿದೆ. ನೌಕರನನ್ನು ನೇಮಿಸಿದ ಊರು ಅವನ ಕೇಂದ್ರಸ್ಥಾನ, ಅದನ್ನು ಬಿಟ್ಟು ಹೊರಗೆ ಇರಬೇಕಾದರೆ ಮೇಲಧಿಕಾರಿಯ ಅನುಮತಿ ಬೇಕು. ಕಚೇರಿಯ ಗುಮಾಸ್ತರು ನಿತ್ಯ ಬಸ್ಸಿನಲ್ಲಿ ಓಡಾಡುವುದನ್ನು ನೋಡಿ ಈ ನಿಯಮ ಕಾಗದದಲ್ಲಷ್ಟೇ ಇದೆ ಎಂದುಕೊಳ್ಳುವವರಿದ್ದಾರೆ. ಆದರೆ ಗುಮಾಸ್ತರು ಒಂದು ಗಂಟೆ ತಡವಾಗಿ ಬಂದರೆ ಕಡತವೊಂದು ಒಂದು ಗಂಟೆ ಕಾಯುತ್ತದೆ, ಅಷ್ಟೇ. ಪೊಲೀಸರ ವಿಷಯದಲ್ಲಿ ಹಾಗೆ ಹೇಳಲಾಗದು.

ನಿಮ್ಮ ಯಜಮಾನರ ಯೋಜನೆಯಲ್ಲಿ ನನಗೆ ಕಾನೂನಿಗಿಂತ ಹೆಚ್ಚು ಚಿಂತೆ ಹುಟ್ಟಿಸುವುದು ದಾರಿ. ಕುಮಟಾಕ್ಕೂ ಶಿರಸಿಗೂ ಸುಮಾರು 60 ಕಿಲೋಮೀಟರ್. ಬಯಲುಸೀಮೆಯ ಜಿಲ್ಲೆಯಲ್ಲಿ ಇದೊಂದು ದೂರವೇ ಅಲ್ಲ. ನಮ್ಮಲ್ಲಿ ನಡುವೆ ದೇವಿಮನೆ ಘಟ್ಟವಿದೆ. ಆಷಾಢದ ಮಳೆಯಲ್ಲಿ ಮಣ್ಣು ಕುಸಿದು ದಾರಿ ನಿಂತರೆ, ಯಲ್ಲಾಪುರದ ಮೇಲಿಂದ ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಬಂದು ಕುಮಟಾ ಸೇರುವಷ್ಟರಲ್ಲಿ ಅರ್ಧ ಪಾಳಿ ಮುಗಿದಿರುತ್ತದೆ. ಕರಾವಳಿಯಲ್ಲೇ ಇರುವವರಿಗೂ ದಾರಿಯ ಭರವಸೆಯಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ಇಳಿದಾಗ, ಅಂಕೋಲೆಗೂ ಕುಮಟಾಕ್ಕೂ ನಡುವಿನ ನೇರ ಸಂಪರ್ಕ ಹಲವು ದಿನ ಕಡಿದುಹೋಗಿತ್ತು. ಪೊಲೀಸರು ಠಾಣೆಯಲ್ಲಿ ಅತ್ಯಂತ ಬೇಕಾಗುವುದು ಇಂಥ ದಿನಗಳಲ್ಲೇ, ದೂರದಲ್ಲಿ ಮನೆಯಿರುವವನು ತಲುಪಲಾಗದ್ದೂ ಇಂಥ ದಿನಗಳಲ್ಲೇ. ಇನ್ನು ರಾತ್ರಿ ಪಾಳಿ ಮುಗಿಸಿ, ಕಣ್ಣು ಎಳೆಯುತ್ತಿರುವಾಗ, ಬೆಳಗಿನ ಮಂಜಿನಲ್ಲಿ ಬೈಕಿನಲ್ಲಿ ಘಟ್ಟ ಹತ್ತುವುದನ್ನು ಯಾವ ಅಧಿಕಾರಿ ಒಪ್ಪಿದರೂ ನೀವು ಒಪ್ಪಬಾರದು.

ನೀವು ಮಾಡಬಹುದಾದದ್ದು ಹೀಗಿದೆ. ನಿಮ್ಮ ಅತ್ತೆಯವರ ಆಸ್ಪತ್ರೆಯ ಕಾಗದಗಳನ್ನು ಲಗತ್ತಿಸಿ, ಘಟ್ಟದ ಮೇಲಿನ ಯಾವುದಾದರೂ ಠಾಣೆಗೆ ಬದಲಿ ಕೋರಿ, ಠಾಣಾಧಿಕಾರಿಯ ಮೂಲಕ ಕಾರವಾರದ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಯಜಮಾನರು ಲಿಖಿತ ಮನವಿ ಕೊಡಲಿ. ಕಾನ್‌ಸ್ಟೆಬಲ್ ಮತ್ತು ಹೆಡ್ ಕಾನ್‌ಸ್ಟೆಬಲ್‌ಗಳು ಜಿಲ್ಲಾ ಘಟಕಕ್ಕೆ ಸೇರಿದವರಾದ್ದರಿಂದ ಕಾರವಾರ, ಶಿರಸಿ, ಭಟ್ಕಳ, ದಾಂಡೇಲಿ ಈ ನಾಲ್ಕು ಉಪವಿಭಾಗಗಳ ನಡುವಿನ ಅದಲುಬದಲು ವರಿಷ್ಠಾಧಿಕಾರಿಗಳ ಕೈಯಲ್ಲೇ ಇರುತ್ತದೆ. ಅಲ್ಲಿಯವರೆಗೆ ಕುಮಟಾದಲ್ಲಿ ಪೊಲೀಸ್ ವಸತಿಗೃಹಕ್ಕೆ ಅರ್ಜಿ ಹಾಕಲಿ, ಸಿಗದಿದ್ದರೆ ಒಂದು ಕೋಣೆಯನ್ನಾದರೂ ಬಾಡಿಗೆಗೆ ಹಿಡಿಯಲಿ, ವಾರದ ರಜೆಗೆ ಅನುಮತಿ ಪಡೆದು ಶಿರಸಿಗೆ ಬರಲಿ. 2024ರ ಆಗಸ್ಟಿನಿಂದ ಜಾರಿಯಾದ ವೇತನ ಪರಿಷ್ಕರಣೆಯಲ್ಲಿ, 5 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಮನೆ ಬಾಡಿಗೆ ಭತ್ಯೆ ಮೂಲ ವೇತನದ ಶೇ. 7.5. ನಮ್ಮ ಜಿಲ್ಲೆಯ ಯಾವ ಊರೂ ಆ ಗಡಿ ದಾಟದ ಕಾರಣ ಶಿರಸಿಯಾದರೂ ಕುಮಟಾವಾದರೂ ಭತ್ಯೆಯಲ್ಲಿ ವ್ಯತ್ಯಾಸವಿಲ್ಲ. ವಸತಿಗೃಹ ಸಿಕ್ಕರೆ ಮಾತ್ರ ಭತ್ಯೆ ನಿಲ್ಲುತ್ತದೆ.

ಬಾಯಿಮಾತಿನ ಒಪ್ಪಿಗೆಯನ್ನು ಮಾತ್ರ ನಂಬಬೇಡಿ. ‘ಓಡಾಡಿಕೊಂಡಿರು ಮಾರಾಯ’ ಎಂದ ಪಿಎಸ್‌ಐ ನಾಳೆ ವರ್ಗವಾಗಿ ಹೋದರೆ ಆ ಮಾತೂ ಅವರ ಜೊತೆಗೇ ಹೋಗುತ್ತದೆ, ಉಳಿಯುವುದು ಗೈರುಹಾಜರಿಯ ಷರಾ ಮಾತ್ರ.

ಪ್ರಶ್ನೆ: ನಮ್ಮ ಭಾಗದ ಠಾಣೆಯ ಪಿಎಸ್‌ಐ ಠಾಣೆಯಿರುವ ಊರಿನಲ್ಲಿ ವಾಸಿಸುವುದಿಲ್ಲ, ಪೇಟೆಯಲ್ಲಿ ಮನೆ ಮಾಡಿದ್ದಾರೆ. ಈಚೆಗೆ ರಾತ್ರಿ ದೋಣಿ ಕಟ್ಟುವ ಜಾಗಕ್ಕಾಗಿ ಹೊಡೆದಾಟವಾದಾಗ ಅವರು ಬಂದದ್ದು ಮುಕ್ಕಾಲು ಗಂಟೆಯ ಮೇಲೆ. ಅವರ ಮನೆ ಎಲ್ಲಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದೇ?
— ಮೀನುಗಾರರೊಬ್ಬರು, ಕಾರವಾರ ತಾಲೂಕು

ಉತ್ತರ: ಮನೆಯ ವಿಳಾಸ ವೈಯಕ್ತಿಕ ಮಾಹಿತಿಯಾದ್ದರಿಂದ ಸಿಗಲಾರದು. ಅದು ನಿಮಗೆ ಬೇಕಾಗಿಯೂ ಇಲ್ಲ. ಆ ರಾತ್ರಿ ಎಷ್ಟು ಗಂಟೆಗೆ ಕರೆ ಹೋಯಿತು, ಎಷ್ಟು ಗಂಟೆಗೆ ಯಾರು ಬಂದರು ಎಂಬುದನ್ನಷ್ಟೇ ದೂರಿನಲ್ಲಿ ಬರೆದು ವರಿಷ್ಠಾಧಿಕಾರಿಗಳಿಗೆ ಕೊಡಿ. ಅಧಿಕಾರಿಯ ಮೇಲೆ ಅನುಮಾನದ ಮಾತು ಸೇರಿಸಿದಷ್ಟೂ ದೂರು ಸೊರಗುತ್ತದೆ, ಗಡಿಯಾರದ ಲೆಕ್ಕ ಕೊಟ್ಟಷ್ಟೂ ಗಟ್ಟಿಯಾಗುತ್ತದೆ.

ಪಿಎಸ್‌ಐ ಇಲ್ಲದಿದ್ದರೆ ಠಾಣೆಯೇ ಇಲ್ಲ ಎಂಬ ತಿಳಿವಳಿಕೆಯೂ ಸರಿಯಲ್ಲ. ಠಾಣಾಧಿಕಾರಿ ಠಾಣೆಯಲ್ಲಿಲ್ಲದಾಗ, ಅಲ್ಲಿ ಹಾಜರಿರುವ, ಕಾನ್‌ಸ್ಟೆಬಲ್‌ಗಿಂತ ಮೇಲಿನ ದರ್ಜೆಯ ಮುಂದಿನ ಅಧಿಕಾರಿಯೇ ಠಾಣಾಧಿಕಾರಿ ಎಂದು ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯೂ ಹೇಳುತ್ತಿತ್ತು, 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಹೇಳುತ್ತದೆ. ಆದ್ದರಿಂದ ‘ಸಾಹೇಬರು ಬಂದ ಮೇಲೆ ದೂರು ಬರೆದುಕೊಳ್ಳುತ್ತೇವೆ’ ಎನ್ನುವ ಉತ್ತರಕ್ಕೆ ಕಾನೂನಿನ ಬೆಂಬಲವಿಲ್ಲ. 112ಕ್ಕೆ ಕರೆ ಮಾಡಿದರೆ ಬರುವ ಗಸ್ತು ವಾಹನಕ್ಕೂ ಪಿಎಸ್‌ಐ ಮನೆಗೂ ಸಂಬಂಧವಿಲ್ಲ.

ಇಷ್ಟು ಹೇಳಿದ ಮೇಲೂ, ಠಾಣೆಯ ಹೊಣೆ ಹೊತ್ತವರು ಠಾಣೆಯ ಊರಿನಲ್ಲೇ ಮಲಗಬೇಕು ಎಂಬುದು ನನ್ನ ಅಭಿಪ್ರಾಯ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದಾಗ, ಅದರ ಚಾಲಕನನ್ನು ಬದುಕಿಸಿದವರು ಹತ್ತಿರದಲ್ಲಿದ್ದ ಪೊಲೀಸರು ಮತ್ತು ನಿಮ್ಮಂಥ ಮೀನುಗಾರರು. ಆ ಹೊತ್ತಿನಲ್ಲಿ ಹೊಳೆಯ ಯಾವ ದಡದಲ್ಲಿ ಯಾರಿದ್ದರು ಎಂಬುದೇ ಮುಖ್ಯವಾಗಿತ್ತು.

ಆದರೆ ಪಿಎಸ್‌ಐ ಪಕ್ಷದಲ್ಲಿಯೂ ಒಂದು ಮಾತು ಹೇಳಬೇಕು. ಚುನಾವಣಾ ಆಯೋಗದ ಸೂಚನೆಯಂತೆ ಚುನಾವಣೆಯ ಕೆಲಸವಿರುವ ಅಧಿಕಾರಿ ನಾಲ್ಕು ವರ್ಷಗಳಲ್ಲಿ ಮೂರು ವರ್ಷ ಒಂದೇ ಕಡೆ ಕಳೆದಿದ್ದರೆ ಅಲ್ಲಿಂದ ಎತ್ತಂಗಡಿಯಾಗಬೇಕು, ಪಿಎಸ್‌ಐಗೆ ತನ್ನ ಸ್ವಂತ ಜಿಲ್ಲೆಯೂ ಸಿಗುವಂತಿಲ್ಲ. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷದ ಅವಧಿ ಕೊಡಬೇಕೆಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದ್ದರೂ, ಅದಕ್ಕೂ ಮೊದಲೇ ಜಾಗ ಖಾಲಿ ಮಾಡಿದವರನ್ನು ನಾವೆಲ್ಲ ಕಂಡಿದ್ದೇವೆ. ಅಧಿಕಾರಿ ಊರಿನಲ್ಲಿರಬೇಕು, ಆದರೆ ಊರಿನವನಾಗಬಾರದು ಎಂದು ಸರ್ಕಾರ ಬಯಸುತ್ತದೆ. ಹೀಗೆ ಅಲೆಯುವವರು ಮಕ್ಕಳ ಶಾಲೆಗಾಗಿ ಸಂಸಾರವನ್ನು ಒಂದು ಪೇಟೆಯಲ್ಲಿ ನೆಲೆಗೊಳಿಸಿದರೆ ಆಶ್ಚರ್ಯವಿಲ್ಲ. ಸಂಸಾರ ಪೇಟೆಯಲ್ಲಿರಲಿ, ಅಧಿಕಾರಿ ಠಾಣೆಯ ಊರಿನಲ್ಲಿರಲಿ ಎಂದು ನಾವು ಕೇಳಬೇಕಾದರೆ, ಆ ಊರಿನಲ್ಲಿ ಸೋರದ ಒಂದು ವಸತಿಗೃಹವನ್ನು ಸರ್ಕಾರ ಮೊದಲು ಕೊಡಬೇಕು. ಪೊಲೀಸ್ ಮನೆಗಳನ್ನು ಕಟ್ಟುವುದಕ್ಕೆಂದೇ 1985ರಿಂದ ಒಂದು ನಿಗಮವಿದೆ, ‘ಪೊಲೀಸ್ ಗೃಹ’ ಯೋಜನೆಗಳೂ ಬಂದಿವೆ. ನಿಮ್ಮ ದೂರಿನ ಕೊನೆಯಲ್ಲಿ ವಸತಿಗೃಹದ ಬೇಡಿಕೆಯನ್ನೂ ಒಂದು ಸಾಲು ಸೇರಿಸಿದರೆ ದೂರಿನ ಬೆಲೆ ಹೆಚ್ಚುತ್ತದೆ.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಹೇಳುವಂತೆ ಅಲ್ಲಿನ ರಾಜ್ಯ ಪೊಲೀಸರು ತಮಗೆ ಒಪ್ಪಿಸಿದ ಪ್ರದೇಶದ ಇಂತಿಷ್ಟು ಮೈಲಿಯೊಳಗೆ ಮನೆ ಮಾಡಲೇಬೇಕಂತೆ. ಅಂಥ ಸ್ಪಷ್ಟ ನಿಯಮ ನಮ್ಮಲ್ಲೇಕೆ ಇಲ್ಲ?
— ನಿವೃತ್ತ ಶಿಕ್ಷಕರು, ಹೊನ್ನಾವರ

ಉತ್ತರ: ನಿಮ್ಮ ಸೋದರಳಿಯ ಹೇಳಿದ್ದು ಅವರಿರುವ ರಾಜ್ಯದ ಮಟ್ಟಿಗೆ ಸರಿಯಿರಬಹುದು, ಆದರೆ ಇಡೀ ದೇಶಕ್ಕೆ ಒಂದೇ ನಿಯಮ ಅಲ್ಲಿಲ್ಲ. ಒಂದೊಂದು ರಾಜ್ಯದ ಇಲಾಖೆ ತನ್ನದೇ ಷರತ್ತು ಹಾಕುತ್ತದೆ: ಕೆಲವೆಡೆ ಮೈಲಿಯ ಲೆಕ್ಕ, ಕೆಲವೆಡೆ ಕಾರಿನಲ್ಲಿ ಇಷ್ಟು ನಿಮಿಷದಲ್ಲಿ ತಲುಪಬೇಕೆಂಬ ಲೆಕ್ಕ, ಕೆಲವೆಡೆ ಒಪ್ಪಿಸಿದ ಕೌಂಟಿಯಲ್ಲೇ (ನಮ್ಮ ಜಿಲ್ಲೆಯಂಥ ವಿಭಾಗದಲ್ಲೇ) ಇರಬೇಕೆಂಬ ಕಟ್ಟಳೆ. ಸಾರ್ವಜನಿಕ ನೌಕರರಿಗೆ ಇಂಥ ವಾಸದ ಷರತ್ತು ಹಾಕುವುದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1976ರಲ್ಲಿ, ಫಿಲಡೆಲ್ಫಿಯಾದ ಅಗ್ನಿಶಾಮಕ ನೌಕರನೊಬ್ಬನ ಮೊಕದ್ದಮೆಯಲ್ಲಿ ಹೇಳಿದೆ. ಇದಕ್ಕೆ ಇದಿರಾಗಿ ಮಿಷಿಗನ್ ರಾಜ್ಯ 1999ರಲ್ಲಿ ಕಾನೂನು ಮಾಡಿ, ನಗರ ಮತ್ತು ಕೌಂಟಿಗಳು ತಮ್ಮ ನೌಕರರನ್ನು ಊರೊಳಗೇ ಕಟ್ಟಿಹಾಕದಂತೆ ತಡೆದು, ಗಡಿಯಿಂದ 20 ಮೈಲಿಯ, ಅಂದರೆ 32 ಕಿಲೋಮೀಟರಿನ, ಸಡಿಲಿಕೆ ಕೊಟ್ಟಿತು.

ಮೈಲಿಯ ಲೆಕ್ಕ ಅಲ್ಲಿ ಹುಟ್ಟಿದ್ದಕ್ಕೆ ಕಾರಣವಿದೆ. ಪೆನ್ಸಿಲ್ವೇನಿಯಾದಲ್ಲಿ 1905ರಲ್ಲಿ ರಾಜ್ಯ ಪೊಲೀಸ್ ದಳ ಶುರುವಾದಾಗ ಸಿಬ್ಬಂದಿ ಕುದುರೆಗಳೊಂದಿಗೆ ಬ್ಯಾರಕ್‌ಗಳಲ್ಲೇ ವಾಸಿಸುತ್ತಿದ್ದರು. ಕೆಲವು ರಾಜ್ಯಗಳಲ್ಲಿ ಠಾಣೆಗೆ ಇಂದಿಗೂ ಬ್ಯಾರಕ್ ಎಂದೇ ಹೆಸರು. ಮುಂದೆ ಬ್ಯಾರಕ್ ಹೋಗಿ ಮೋಟಾರು ಬಂತು, ಅನೇಕ ಕಡೆ ಗಸ್ತಿನ ಕಾರನ್ನು ಸಿಬ್ಬಂದಿಯ ಮನೆಯಂಗಳದಲ್ಲೇ ನಿಲ್ಲಿಸುವ ಪದ್ಧತಿಯಾಯಿತು. ಮನೆ ಬಿಟ್ಟ ಕೂಡಲೇ ಡ್ಯೂಟಿ ಆರಂಭವಾಗುವವನ ಮನೆ ಎಲ್ಲಿದೆ ಎಂದು ಇಲಾಖೆ ಅಳೆಯದೆ ಇರಲಾರದು. ನಮ್ಮಲ್ಲಿ ರೋಲ್ ಕಾಲ್ ಠಾಣೆಯಲ್ಲಿ, ಜೀಪು ಠಾಣೆಯಲ್ಲಿ, ಹಿಂದೆ ಮನೆಯೂ ಠಾಣೆಯ ಹಿತ್ತಲಿನ ಪೊಲೀಸ್ ಲೈನಿನಲ್ಲಿ. ಲೈನಿನ ಮನೆಗಳು ಎಲ್ಲರಿಗೂ ಸಾಲುತ್ತಿದ್ದ ಕಾಲದಲ್ಲಿ ದೂರ ಅಳೆಯುವ ಪ್ರಶ್ನೆಯೇ ಏಳಲಿಲ್ಲ, ಅವು ಸಾಲದಾದಾಗ ಯಾರೂ ಹೊಸ ಅಳತೆ ಬರೆಯಲಿಲ್ಲ. ಬರೆಯುವುದಾದರೆ ನಮ್ಮ ಜಿಲ್ಲೆಗೆ ಮೈಲಿಗಿಂತ ನಿಮಿಷದ ಲೆಕ್ಕವೇ ವಾಸಿ, ಅದೂ ಮಳೆಗಾಲದ ನಿಮಿಷ.

ಪ್ರಶ್ನೆ: ನಾನು ಮಾಜಾಳಿಯವನು. ಮಗ ಕಾನ್‌ಸ್ಟೆಬಲ್ ಆಗಿದ್ದಾನೆ. ಸೊಸೆಗೆ ಗೋವೆಯ ಕಾಣಕೋಣದಲ್ಲಿ ನೌಕರಿ. ಅಲ್ಲಿಯೇ ಮನೆ ಮಾಡಿದರೆ, ಶಿರಸಿಯಿಂದ ಬರುವುದಕ್ಕಿಂತ ಕಾರವಾರ ಎಷ್ಟೋ ಹತ್ತಿರ. ತೊಂದರೆಯುಂಟೇ?
— ಓದುಗರೊಬ್ಬರು, ಮಾಜಾಳಿ

ಉತ್ತರ: ಉಂಟು. ದೂರ ಕಡಿಮೆಯಾದರೂ ಅದು ಬೇರೆ ರಾಜ್ಯ. ಕೇಂದ್ರಸ್ಥಾನದ ಹೊರಗೆ ವಾಸಿಸಲು ಬೇಕಾದ ಅನುಮತಿಯೇ ಸುಲಭವಲ್ಲದಿರುವಾಗ, ದಿನವೂ ರಾಜ್ಯದ ಗಡಿ ದಾಟಿ ಹೋಗುವುದಕ್ಕೆ ಯಾವ ವರಿಷ್ಠಾಧಿಕಾರಿಯೂ ಸಹಿ ಹಾಕಲು ಹಿಂಜರಿಯುತ್ತಾರೆ. ಮನೆ ಮಾಜಾಳಿಯಲ್ಲೇ ಇರಲಿ, ಮಗ ಅಲ್ಲಿಂದ ಠಾಣೆಗೆ ಹೋಗಿ ಬರುವುದಕ್ಕೆ ಲಿಖಿತ ಅನುಮತಿ ಪಡೆಯಲಿ. ಗಡಿ ದಾಟಿ ಓಡಾಡುವುದು ಸೊಸೆಯವರಿಗೆ ಸಾಧ್ಯ, ಅವರ ನೌಕರಿಗೆ ಈ ಕಟ್ಟು ಇಲ್ಲದಿದ್ದರೆ.